ರಿಯಾಯಿತಿಯ ಪೇಟೆಯಲ್ಲಿ ಒಂದು ದಿನ

ಕಡಿಮೆ ಬೆಲೆಗೆ ದೊರೆತ ಒಳ್ಳೆಯ ವಸ್ತುವನ್ನು ಕಂಡು ಸಂತೋಷಪಡದ ಗೃಹಸ್ಥರು ವಿರಳ. ಆ ಸಂತೋಷವನ್ನು ಹೀಗಳೆಯುವುದಕ್ಕಾಗಿ ನಾನು ಲೇಖನಿ ಹಿಡಿದಿಲ್ಲ. ಮಿತವ್ಯಯವು ಗೃಹಸ್ಥ ಜೀವನಕ್ಕೆ ಭೂಷಣವೇ ಹೊರತು ದೂಷಣವಲ್ಲ. ತಿಂಗಳ ಸಂಬಳದಲ್ಲಿ ಮಕ್ಕಳ ಓದು, ಹಿರಿಯರ ಔಷಧಿ, ಬಸದಿಯ ವಂತಿಗೆ, ಬಂಧುಗಳ ಮದುವೆ ಎಲ್ಲವನ್ನೂ ಸರಿದೂಗಿಸಿದ ಮನೆಯೊಡತಿಗೆ ಹತ್ತು ರೂಪಾಯಿ ಉಳಿಸುವುದೆಂದರೆ ಏನೆಂಬುದು ಚೆನ್ನಾಗಿ ಗೊತ್ತು. ಆದರೆ ಇತ್ತೀಚಿನ ವರ್ಷಗಳಲ್ಲಿ 'ಉಳಿತಾಯ' ಎಂಬ ಮಾತಿನ ಅರ್ಥವೇ ಬದಲಾಗುತ್ತಿದೆ. ಹಿಂದೆ, ಖರ್ಚು ಮಾಡದೆ ಇಟ್ಟುಕೊಂಡ ಹಣಕ್ಕೆ ಉಳಿತಾಯ ಎನ್ನುತ್ತಿದ್ದೆವು. ಈಗ, ಖರ್ಚು ಮಾಡಿದ ಮೇಲೆ ರಶೀದಿಯ ಕೆಳಗೆ ಅಚ್ಚಾಗಿ ಬರುವ ಒಂದು ಸಂಖ್ಯೆಗೆ ಆ ಹೆಸರು ಬಂದಿದೆ. ಈ ಬದಲಾವಣೆ ನಮ್ಮ ಮನೆಗಳೊಳಕ್ಕೆ ಎಷ್ಟು ದೂರ ಬಂದಿದೆಯೆಂಬುದನ್ನು ಯೋಚಿಸಲು ನನಗೆ ಒಂದು ದಿನದ ಪ್ರವಾಸ ಕಾರಣವಾಯಿತು. ಅದನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದೆ.

2023ರ ಅಕ್ಟೋಬರ್ ತಿಂಗಳಿನಲ್ಲಿ ನಾನು ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿರುವ ಮಗಳ ಮನೆಯಲ್ಲಿದ್ದೆ. ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನನ್ನೊಡನೆ ಹದಿನೆಂಟು ವರ್ಷ ಅಧ್ಯಾಪಕಿಯಾಗಿದ್ದ ಗೆಳತಿಯೊಬ್ಬಳು ಅದೇ ಸಮಯದಲ್ಲಿ, ಅಲ್ಲಿಂದ ಅರ್ಧ ಗಂಟೆಯ ದೂರದಲ್ಲಿ, ತನ್ನ ಮಗನ ಮನೆಗೆ ಬಂದಿದ್ದಳು. ನಾನು ಗಣಿತ ಕಲಿಸುತ್ತಿದ್ದೆ, ಆಕೆ ಕನ್ನಡ. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ್ದರಿಂದ ಅಂದಿನಿಂದಲೂ ನನ್ನನ್ನು 'ಅಕ್ಕ' ಎಂದೇ ಕರೆಯುತ್ತಾಳೆ. ಒಂದು ಸಂಜೆ ಫೋನು ಮಾಡಿ, "ಅಕ್ಕ, ಊರಿಗೆ ಹೊರಡೋಕೆ ಮುಂಚೆ ಎಲ್ಲರಿಗೂ ಏನಾದರೂ ಕೊಳ್ಳಬೇಕು. ವುಡ್‌ಬರಿ ಅಂತ ಇದೆಯಂತೆ, ಅಲ್ಲಿ ಅರ್ಧ ಬೆಲೆಗೆ ಸಿಗುತ್ತಂತೆ. ನೀವು ಜೊತೆಗೆ ಬರಬೇಕು" ಎಂದಳು. ಆಗ ಚಾತುರ್ಮಾಸ. ಮುಗಿಯುವವರೆಗೆ ತನಗಾಗಿ ಹೊಸ ಬಟ್ಟೆ ಕೊಳ್ಳುವುದಿಲ್ಲವೆಂದು ಆಕೆ ನಿಯಮ ಮಾಡಿಕೊಂಡಿದ್ದಳು. ಅದನ್ನು ನೆನಪಿಸಿದಾಗ, "ನನಗೋಸ್ಕರ ಅಲ್ಲವಲ್ಲ ಅಕ್ಕ" ಎಂದು ನಕ್ಕಳು. ಆ ನಗುವಿನಲ್ಲಿ ಎಂದಿನ ಲವಲವಿಕೆ ಇರಲಿಲ್ಲವೆಂದು ನನಗೆ ತೋರಿತು.

ನನ್ನ ಮಗಳ ಕಚೇರಿ ನ್ಯೂಯಾರ್ಕ್ ನಗರದಲ್ಲಿದೆ. ಒಂದು ಮುಂಜಾನೆ ನಾವಿಬ್ಬರೂ ಅವಳ ಜೊತೆಯಲ್ಲೇ ರೈಲಿನಲ್ಲಿ ನಗರಕ್ಕೆ ಹೋದೆವು. ಪೋರ್ಟ್ ಅಥಾರಿಟಿ ಎಂಬ ದೊಡ್ಡ ಬಸ್ ನಿಲ್ದಾಣದಲ್ಲಿ ಅವಳು ನಮ್ಮನ್ನು ಬಸ್ಸು ಹತ್ತಿಸಿ, ಸಂಜೆ ಅಲ್ಲಿಗೇ ಬಂದು ಕರೆದುಕೊಂಡು ಹೋಗುವುದಾಗಿ ಹೇಳಿದಳು. ಬಸ್ಸಿನಲ್ಲಿ ನಮ್ಮ ಸುತ್ತ ನಾನಾ ದೇಶಗಳ ಪ್ರವಾಸಿಗಳು. ಹಲವರ ಕೈಯಲ್ಲಿ ಗಾಲಿಯುಳ್ಳ ಪೆಟ್ಟಿಗೆ. ದೂರದ ಊರಿಗೆ ಹೊರಟವರಿರಬೇಕೆಂದು ಮೊದಲು ತಿಳಿದೆ. ಪಕ್ಕದವನೊಬ್ಬ ತನ್ನ ಪೆಟ್ಟಿಗೆಯನ್ನು ಒಂದೇ ಬೆರಳಿನಿಂದ ಎತ್ತಿ ಮೇಲಿಟ್ಟಾಗ ಅದು ಖಾಲಿಯೆಂದು ತಿಳಿಯಿತು. ಕೊಂಡದ್ದನ್ನು ತುಂಬಿಕೊಂಡು ಬರುವುದಕ್ಕೆ ಜನ ಮನೆಯಿಂದಲೇ ಖಾಲಿ ಪೆಟ್ಟಿಗೆ ತರುತ್ತಾರೆ. ಏನು ಬೇಕೆಂಬುದು ಇನ್ನೂ ಗೊತ್ತಿಲ್ಲ. ಎಷ್ಟು ತುಂಬಬೇಕೆಂಬುದು ಮಾತ್ರ ಆಗಲೇ ಗೊತ್ತು.

ವುಡ್‌ಬರಿ ಕಾಮನ್ ಎಂಬ ಈ ಸ್ಥಳ ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿ, ಆರೆಂಜ್ ಕೌಂಟಿಯ ಸೆಂಟ್ರಲ್ ವ್ಯಾಲಿ ಎಂಬಲ್ಲಿ, ಗುಡ್ಡಗಳ ನಡುವೆ ಇದೆ. 1985ರಲ್ಲಿ ಆರಂಭವಾದದ್ದು. ಒಂದೇ ಸೂರಿನ ಕಟ್ಟಡವಲ್ಲ. ಇಳಿಜಾರು ಮಾಡಿನ ಸಾಲುಮನೆಗಳಂತೆ ಕಟ್ಟಿದ ಇನ್ನೂರಕ್ಕೂ ಹೆಚ್ಚು ಅಂಗಡಿಗಳು, ನಡುವೆ ಓಣಿಗಳು, ಕುಳಿತುಕೊಳ್ಳಲು ಬೆಂಚುಗಳು. ನೋಡಿದರೆ ಒಂದು ಪುಟ್ಟ ಊರೆನ್ನಬೇಕು. ಆದರೆ ಅಲ್ಲಿ ವಾಸಿಸುವವರು ಯಾರೂ ಇಲ್ಲ. ಸುತ್ತಲಿನ ಗುಡ್ಡಗಳ ಮರಗಳೆಲ್ಲ ಆ ಋತುವಿನಲ್ಲಿ ಕೆಂಪು, ಹಳದಿ, ಕಂದು ಬಣ್ಣ ತಳೆದು ಎಲೆ ಉದುರಿಸುತ್ತಿದ್ದವು. ಅದನ್ನು ನೋಡಲು ತಲೆಯೆತ್ತಿದವರನ್ನು ನಾನು ಹೆಚ್ಚಾಗಿ ಕಾಣಲಿಲ್ಲ.

ಇಂಥ ಪೇಟೆಗಳಿಗೆ ಅಲ್ಲಿ 'ಔಟ್‌ಲೆಟ್' ಎಂಬ ಹೆಸರು. ಇದರ ಮೂಲ ಸಾಧುವಾದುದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪೂರ್ವಭಾಗದ ಗಿರಣಿಗಳು, ಹೆಚ್ಚಾಗಿ ತಯಾರಾದ ಅಥವಾ ಅಲ್ಪಸ್ವಲ್ಪ ದೋಷವಿದ್ದ ಬಟ್ಟೆ ಪಾದರಕ್ಷೆಗಳನ್ನು ತಮ್ಮ ಕೆಲಸಗಾರರಿಗೆ ಕಡಿಮೆ ಬೆಲೆಗೆ ಕೊಡುತ್ತಿದ್ದವು. ಬರಬರುತ್ತ ಊರಿನವರಿಗೂ ಕೊಡತೊಡಗಿದವು. 1970ರ ದಶಕದಲ್ಲಿ ಪೆನ್ಸಿಲ್ವೇನಿಯಾದ ರೆಡಿಂಗ್ ಎಂಬ ಗಿರಣಿ ಪಟ್ಟಣದಲ್ಲಿ ಇಂಥ ಹಲವು ಅಂಗಡಿಗಳು ಒಂದೆಡೆ ಸೇರಿ ಪೇಟೆಯ ರೂಪ ತಳೆದವು. ಆಮೇಲೆ ಗಿರಣಿಯಿಲ್ಲದ ಕಡೆಯಲ್ಲೂ ಇವು ಎದ್ದವು. ನಗರದಿಂದ ದೂರವಿದ್ದರೆ ಜಾಗದ ಬೆಲೆ ಕಡಿಮೆ. ನಗರದೊಳಗಿನ ಪೂರ್ಣ ಬೆಲೆಯ ಅಂಗಡಿಗಳಿಗೆ ಪೈಪೋಟಿಯೂ ಆಗದು. ಜೊತೆಗೆ ಇನ್ನೊಂದು ಲಾಭವೂ ಉಂಟು. ಅಷ್ಟು ದೂರ ಬಂದವನಿಗೆ ಬರಿಗೈಯಲ್ಲಿ ಹಿಂತಿರುಗಲು ಮನಸ್ಸಾಗುವುದಿಲ್ಲ.

ನಮ್ಮ ಕಡೆಯೂ ಇಂಥ ವ್ಯಾಪಾರ ಇಲ್ಲದಿಲ್ಲ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಂದ ಹೊರಬೀಳುವ 'ಎಕ್ಸ್‌ಪೋರ್ಟ್ ರಿಜೆಕ್ಟ್' ಅಂಗಿಗಳನ್ನು ಕೊಳ್ಳದ ಮಧ್ಯಮವರ್ಗದ ಮನೆ ಯಾವುದು? ಆಷಾಢದಲ್ಲಿ ಮದುವೆ ಮುಂಜಿಗಳಿಲ್ಲದೆ ಜವಳಿ ಅಂಗಡಿಗಳು ಬಿಕೋ ಎನ್ನುವುದರಿಂದ ಆಷಾಢದ ರಿಯಾಯಿತಿ. ನನ್ನ ತಂದೆಯವರು ಒಂದು ಸಣ್ಣ ಊರಿನಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ತಾನು ಮುಗಿಯುತ್ತ ಬಂದಾಗ ಉಳಿಯುವ ಮುಕ್ಕಾಲು ಮೀಟರು, ಒಂದೂಕಾಲು ಮೀಟರು ತುಂಡುಗಳನ್ನು 'ಕಟ್‌ಪೀಸ್' ಎಂದು ಬೇರೆ ಕಟ್ಟಿ ಇಡುತ್ತಿದ್ದರು. ಬಡವರು ಬಂದರೆ ಮೊದಲು ಆ ಕಟ್ಟನ್ನೇ ಬಿಚ್ಚುತ್ತಿದ್ದರು. ಬಟ್ಟೆಯನ್ನು ಬೆಳಕಿಗೆ ಹಿಡಿದು, "ಇಲ್ಲಿ ಎಳೆ ತಪ್ಪಿದೆ ನೋಡಿ, ಈ ಅಂಚಿನಲ್ಲಿ ಬಣ್ಣ ಮಾಸಿದೆ" ಎಂದು ದೋಷವನ್ನು ತಾವೇ ತೋರಿಸಿ, ಆಮೇಲೆ ಬೆಲೆ ಹೇಳುತ್ತಿದ್ದರು. ದೋಷ ಮೊದಲು, ಬೆಲೆ ನಂತರ. ಈ ಕ್ರಮವನ್ನು ಅವರು ಒಮ್ಮೆಯೂ ತಪ್ಪಿದ್ದನ್ನು ನಾನು ಕಂಡಿಲ್ಲ. ಬೆಲೆ ಏಕೆ ಇಳಿದಿದೆಯೆಂಬುದು ಕೊಳ್ಳುವವನ ಕಣ್ಣಿಗೆ ಕಾಣಬೇಕು. ಕಾರಣ ಕಾಣದ ರಿಯಾಯಿತಿ ವ್ಯಾಪಾರವಲ್ಲ, ಮೋಡಿ ಎಂಬುದು ಅವರ ನಂಬಿಕೆ.

ನನ್ನ ಗೆಳತಿಯ ಪಟ್ಟಿಯಲ್ಲಿ ಹದಿನೇಳು ಹೆಸರುಗಳಿದ್ದವು. ನಾದಿನಿಗೆ ಕೈಚೀಲ, ಅವರ ಮಗನಿಗೆ ಶೂ, ಮೈದುನನಿಗೆ ಕೈಗಡಿಯಾರ, ಪಕ್ಕದ ಮನೆಯ ಹುಡುಗಿಗೆ ಸುಗಂಧದ್ರವ್ಯ, ಹೀಗೆ. ಹೆಚ್ಚಿನವರು ವಸ್ತುವಿನ ಜೊತೆಗೆ ಕಂಪನಿಯ ಹೆಸರನ್ನೂ ತಿಳಿಸಿದ್ದರು. ಕೆಲವರಂತೂ ಕಂಪನಿಯ ಹೆಸರನ್ನಷ್ಟೇ ತಿಳಿಸಿ ವಸ್ತುವನ್ನು ಅವಳಿಗೇ ಬಿಟ್ಟಿದ್ದರು. ಒಟ್ಟು 600 ಡಾಲರು ಮೀರಬಾರದೆಂದು ಆಕೆ ಲೆಕ್ಕ ಹಾಕಿದ್ದಳು. ಅಂದಿನ ದರದಲ್ಲಿ ಅದು ಸುಮಾರು 50,000 ರೂಪಾಯಿ.

ಮೊದಲು ಹೋದದ್ದು ಕೈಚೀಲಗಳ ಅಂಗಡಿಗೆ. ಆ ಪೇಟೆಯಲ್ಲಿ ಚರ್ಮದ ವಸ್ತುಗಳೇ ಹೆಚ್ಚು. ಒಂದೊಂದು ಚೀಲದ ಒಳಗೂ ಕೈಹಾಕಿ, ಹೊಲಿದ ಚೀಟಿಯನ್ನು ಓದಿ, ಚರ್ಮವಲ್ಲದ್ದನ್ನು ಹುಡುಕುವುದರಲ್ಲಿ ಅರ್ಧ ಗಂಟೆ ಕಳೆಯಿತು. ಕೊನೆಗೆ ನೈಲಾನ್ ಬಟ್ಟೆಯ ನೀಲಿ ಚೀಲವೊಂದು ಸಿಕ್ಕಿತು. ಅದರ ಚೀಟಿಯಲ್ಲಿ ಮೇಲೆ 198 ಡಾಲರು ಎಂದು ಬರೆದು, ಕೆಳಗೆ ಈ ಅಂಗಡಿಯ ಬೆಲೆ 99 ಎಂದಿತ್ತು. ಅದರ ಮೇಲೆ, ಇಂದು ಮಾತ್ರ ಮತ್ತೂ ಶೇಕಡ 30 ಕಡಿತವೆಂದು ಒಂದು ಫಲಕ. "ಐವತ್ತು ಮೂವತ್ತು ಸೇರಿದರೆ ಎಂಬತ್ತು ಭಾಗ ಕಡಿಮೆ ಆಯಿತಲ್ಲ ಅಕ್ಕ!" ಎಂದು ಗೆಳತಿ ಬೆರಗಾದಳು. ಗಣಿತದ ಅಧ್ಯಾಪಕಿಗೆ ಅಲ್ಲಿ ಸುಮ್ಮನಿರಲಾಗಲಿಲ್ಲ. ಎರಡನೆಯ ಕಡಿತ 99ರ ಮೇಲೆ. ಆದ್ದರಿಂದ ಕೊಡಬೇಕಾದದ್ದು 69 ಡಾಲರು 30 ಸೆಂಟು. ಒಟ್ಟು ಇಳಿಕೆ ಶೇಕಡ 65, ಎಂಬತ್ತಲ್ಲ ಎಂದು ವಿವರಿಸಿದೆ. "ಆದರೂ 128 ಡಾಲರು ಉಳಿಯಿತಲ್ಲ" ಎಂದಳು.

ಉಳಿಯಿತೇ? ವ್ಯವಕಲನಕ್ಕೆ ಎರಡು ಸಂಖ್ಯೆಗಳು ಬೇಕು, ಎರಡೂ ನಿಜವಾಗಿರಬೇಕು. 69 ಡಾಲರು ನಿಜ; ಅದು ನಮ್ಮ ಕೈಯಿಂದ ಹೋಗುತ್ತದೆ. 198 ಎಂಬುದನ್ನು ಯಾರು, ಎಲ್ಲಿ, ಯಾವಾಗ ಕೊಟ್ಟಿದ್ದರು? ಅಲ್ಲಿ ನಿಂತಿದ್ದ ಕಿರಿಯ ವಯಸ್ಸಿನ ಮಾರಾಟಗಾರ್ತಿಯನ್ನು ಇದನ್ನೇ ಕೇಳಿದೆ. ಆ ಹುಡುಗಿ ಸ್ವಲ್ಪವೂ ಮುಚ್ಚುಮರೆಯಿಲ್ಲದೆ, "ಈ ಚೀಲವನ್ನು ಔಟ್‌ಲೆಟ್‌ಗಾಗಿಯೇ ತಯಾರಿಸುತ್ತಾರೆ. ನಗರದ ನಮ್ಮ ಅಂಗಡಿಯಲ್ಲಿ ಇದು ಇರುವುದಿಲ್ಲ, ಇದನ್ನು ಹೋಲುವ ಬೇರೊಂದು ಇರುತ್ತದೆ" ಎಂದಳು. ಅವಳ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು. ಬೆಲೆ ಇಳಿಯಲು ಎಳೆ ತಪ್ಪಿದ್ದೂ ಕಾರಣವಲ್ಲ, ಬಣ್ಣ ಮಾಸಿದ್ದೂ ಕಾರಣವಲ್ಲ. ಮೊದಲಿನಿಂದಲೂ ಈ ಬೆಲೆಗೆ ಮಾರುವುದಕ್ಕಾಗಿಯೇ ಹುಟ್ಟಿದ ಚೀಲ ಅದು.

ಇದು ಆ ಒಂದು ಅಂಗಡಿಯ ಮಾತಲ್ಲ. ಇಡೀ ವ್ಯಾಪಾರದ ಇಂದಿನ ಕ್ರಮವೇ ಹೆಚ್ಚಾಗಿ ಹೀಗೆ. ಗಿರಣಿಯ ಹೆಚ್ಚುವರಿ ಮಾಲು ಇಷ್ಟೊಂದು ಅಂಗಡಿಗಳನ್ನು ವರ್ಷವಿಡೀ ತುಂಬುವಷ್ಟು ಇರುವುದಿಲ್ಲ. ಆದ್ದರಿಂದ ಹಲವು ಕಂಪನಿಗಳು ಔಟ್‌ಲೆಟ್‌ಗೆಂದೇ ಬೇರೆ ಮಾಲು ತಯಾರಿಸುತ್ತವೆ. 2014ರ ಜನವರಿಯಲ್ಲಿ ಅಮೆರಿಕದ ಮೂವರು ಸೆನೆಟರುಗಳೂ ಪ್ರತಿನಿಧಿ ಸಭೆಯ ಒಬ್ಬ ಸದಸ್ಯೆಯೂ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ಗೆ ಪತ್ರ ಬರೆದು, ಎಂದೂ ಬೇರೆಡೆ ಮಾರಾಟವಾಗದ ವಸ್ತುವಿಗೆ ಹೋಲಿಕೆಯ ಬೆಲೆ ಬರೆಯುವುದು ಗ್ರಾಹಕರನ್ನು ದಾರಿ ತಪ್ಪಿಸುವುದಿಲ್ಲವೇ ಎಂದು ವಿಚಾರಿಸುವಂತೆ ಕೇಳಿದ್ದರು. ಹಿಂದಿನ ಬೆಲೆಯೊಡನೆ ಹೋಲಿಸುವುದಾದರೆ ಆ ಬೆಲೆ ನಿಜವಾದುದಾಗಿರಬೇಕೆಂದು ಆ ಆಯೋಗದ ಮಾರ್ಗಸೂಚಿಯೂ ಹೇಳುತ್ತದೆ. ನಮ್ಮ ಪೂರ್ವಾಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ 'ಪ್ರತಿರೂಪಕ ವ್ಯವಹಾರ'ವನ್ನು, ಅಂದರೆ ಒಂದರಂತೆ ಕಾಣುವ ಇನ್ನೊಂದನ್ನು ಅದರ ಹೆಸರಿನಲ್ಲಿ ಮಾರುವುದನ್ನು, ಸೇರಿಸಿದ್ದಾರೆ. ಕಳ್ಳತನದ ಪಕ್ಕದಲ್ಲಿ ಇದನ್ನೇಕೆ ಇಟ್ಟರೆಂದು ಚಿಕ್ಕಂದಿನಲ್ಲಿ ನನಗೆ ಸಂದೇಹವಿತ್ತು. ಆ ಚೀಟಿಯ ಮುಂದೆ ನಿಂತಾಗ ಸಂದೇಹಕ್ಕೆ ಎಡೆಯಿರಲಿಲ್ಲ.

ಗೆಳತಿ ಚೀಲವನ್ನು ಕೆಳಗಿಡಲಿಲ್ಲ, ಕೊಳ್ಳಲೂ ಇಲ್ಲ. ಅದನ್ನು ತೆಗೆದಿಡುವಂತೆ ಆ ಹುಡುಗಿಗೆ ಹೇಳಿ ಮುಂದಿನ ಅಂಗಡಿಗೆ ಹೊರಟಳು. ಅಲ್ಲಿ ಅಂಗಿಗಳು. ಒಂದು ಅಂಗಿಯ ಕೊರಳ ಚೀಟಿಯಲ್ಲಿ 'ಭಾರತದಲ್ಲಿ ತಯಾರಾದುದು' ಎಂದು ಬರೆದಿತ್ತು. ಊರಿನ ಹೆಸರು ಇರಲಿಲ್ಲ. ಆದರೆ ಹಾಸನದವರಾದ ನಮ್ಮಿಬ್ಬರಿಗೆ ಅಷ್ಟು ಸಾಕಾಯಿತು. ನಮ್ಮ ಊರಿನ ವಿಶೇಷ ಆರ್ಥಿಕ ವಲಯದಲ್ಲಿ ಅಮೆರಿಕಕ್ಕೆ ಹೋಗುವ ಹಾಸಿಗೆ ಹೊದಿಕೆಗಳನ್ನು ನೇಯುವ ದೊಡ್ಡ ಕಾರ್ಖಾನೆಯಿದೆ. ಬೆಳಿಗ್ಗೆ ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಕಾರ್ಖಾನೆಗಳಿಗೆ ಕರೆತರುವ ಬಸ್ಸುಗಳನ್ನು ನಾವು ದಿನವೂ ಕಂಡವರು. "ನಮ್ಮ ಹತ್ತನೇ ಕ್ಲಾಸಿನ ಹುಡುಗಿಯರೇ ಯಾರಾದರೂ ಹೊಲಿದಿರಬಹುದು ಅಕ್ಕ" ಎಂದು ಗೆಳತಿ ಮೆಲ್ಲಗೆ ಹೇಳಿದಳು. ನಮ್ಮ ಹುಡುಗಿಯರ ಕೈಯಿಂದ ಹೊರಟು ಸಮುದ್ರ ದಾಟಿ ಬಂದ ಅಂಗಿಯನ್ನು ನಾವು ಮತ್ತೆ ಪೆಟ್ಟಿಗೆಯಲ್ಲಿ ತುಂಬಿ ಆ ಊರಿಗೇ ಹೊತ್ತುಕೊಂಡು ಹೋಗುವುದು! ಅದಕ್ಕೊಂದು ತೆರಿಗೆ ಬೇರೆ. ನಾವಿದ್ದ ನ್ಯೂಜೆರ್ಸಿಯಲ್ಲಿ ಉಡುಪಿನ ಮೇಲೆ ಮಾರಾಟ ತೆರಿಗೆಯೇ ಇಲ್ಲ. ನ್ಯೂಯಾರ್ಕ್‌ನಲ್ಲಿ 110 ಡಾಲರಿಗಿಂತ ಕಡಿಮೆ ಬೆಲೆಯ ಉಡುಪಿಗೆ ರಾಜ್ಯದ ತೆರಿಗೆ ಇಲ್ಲವಾದರೂ ಈ ಕೌಂಟಿ ತನ್ನ ಪಾಲನ್ನು ವಸೂಲು ಮಾಡುತ್ತದೆ. ರೈಲು ಬಸ್ಸುಗಳ ಟಿಕೆಟ್ಟನ್ನೂ ಸೇರಿಸಿದರೆ ಆ 'ಉಳಿತಾಯ'ದಲ್ಲಿ ಉಳಿಯುವುದೇನೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಗೆಳತಿ ಮೌನವಾಗಿದ್ದಳು.

ಮಧ್ಯಾಹ್ನ ಒಂದು ಬೆಂಚಿನ ಮೇಲೆ ಕುಳಿತು, ಮನೆಯಿಂದ ತಂದ ಚಪಾತಿ, ಹೆಸರುಕಾಳಿನ ಪಲ್ಯ ಬಿಚ್ಚಿದೆವು. ಆಕೆ ಒಂದು ಚಪಾತಿಯನ್ನು ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದಳು. ಏನಾಗಿದೆಯೆಂದು ಕೇಳಿದೆ. ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡುತ್ತಿದ್ದು, "ಅಕ್ಕ, ಮಗನ ಕೆಲಸ ಹೋಗಿ ಇವತ್ತಿಗೆ 19 ದಿನ" ಎಂದಳು.

2022 ಮತ್ತು 2023ರಲ್ಲಿ ಅಮೆರಿಕದ ತಂತ್ರಜ್ಞಾನ ಕಂಪನಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ನೌಕರರನ್ನು ಬಿಡುಗಡೆ ಮಾಡಿದ್ದು ಓದುಗರಿಗೆ ನೆನಪಿರಬಹುದು. ಆ ಹುಡುಗನೂ ಅವರಲ್ಲೊಬ್ಬ. ಎಚ್-1ಬಿ ವೀಸಾದ ಮೇಲೆ ಇರುವವರಿಗೆ ಕೆಲಸ ಹೋದರೆ, 2017ರಿಂದ ಜಾರಿಯಲ್ಲಿರುವ ನಿಯಮದಂತೆ, ಹೆಚ್ಚೆಂದರೆ 60 ದಿನಗಳ ಅವಕಾಶ. ಅಷ್ಟರಲ್ಲಿ ಬೇರೆ ಕಂಪನಿ ಅವರ ಪರವಾಗಿ ಅರ್ಜಿ ಸಲ್ಲಿಸಬೇಕು, ಅಥವಾ ವೀಸಾದ ಬೇರೆ ದಾರಿ ನೋಡಿಕೊಳ್ಳಬೇಕು. ಇಲ್ಲವಾದರೆ ದೇಶ ಬಿಡಬೇಕು. ಊರಿನಲ್ಲಿ ಯಾರಿಗೂ ತಿಳಿಸಬಾರದೆಂದು ತಾಯಿ ಮಗ ಇಬ್ಬರೂ ನಿಶ್ಚಯಿಸಿದ್ದರು. "ಬರಿಗೈಯಲ್ಲಿ ಹೋದರೆ ಗೊತ್ತಾಗಿಬಿಡುತ್ತೆ ಅಕ್ಕ. ಹೋದ ಸಲ ಎಲ್ಲರಿಗೂ ತಂದುಕೊಟ್ಟಿದ್ದೆ. ಈ ಸಲ ಏನೂ ಇಲ್ಲ ಅಂದರೆ ಕಾರಣ ಕೇಳೋದಿಲ್ಲವಾ?" ಎಂದಳು. ನಿನ್ನೆ ರಾತ್ರಿ ಮಗ ತನ್ನ ಕಾರ್ಡನ್ನು ಅವಳ ಕೈಯಲ್ಲಿಟ್ಟು, "ಏನೂ ಕಡಿಮೆ ಮಾಡಬೇಡಮ್ಮ" ಎಂದಿದ್ದನಂತೆ.

ಆಗ ನನಗೆ ಆ ಪಟ್ಟಿಯ ನಿಜವಾದ ರೂಪ ಕಂಡಿತು. ನಾನು ಅದನ್ನು ಬಂಧುಗಳ ಆಸೆಯ ಪಟ್ಟಿಯೆಂದು ತಿಳಿದಿದ್ದೆ. ಅದು ಒಂದು ಮನೆಯ ಸಂಕಟಕ್ಕೆ ಹೊದಿಸಲು ಹೊರಟ ಬಟ್ಟೆ. ತಾಯಿಗೆ ನೋವಾಗಬಾರದೆಂದು ಮಗ ಕಾರ್ಡು ಕೊಟ್ಟಿದ್ದಾನೆ. ಮಗನಿಗೆ ಅವಮಾನವಾಗಬಾರದೆಂದು ತಾಯಿ ಕೊಳ್ಳಲು ಬಂದಿದ್ದಾಳೆ. ಇಬ್ಬರ ಪ್ರೀತಿಯೂ ನಿಜ. ನಡುವೆ ಖರ್ಚಾಗುವುದು ಮಾತ್ರ, ಮುಂದಿನ ತಿಂಗಳ ಬಾಡಿಗೆಗೆ ಬೇಕಾದ ಹಣ. ಅರ್ಧ ಬೆಲೆಗೆ ಸಿಗುತ್ತದೆಂಬುದು ಆಕೆಗೆ ಸಮಾಧಾನದ ಮಾತಾಗಿತ್ತು. ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಯನ್ನು, ಎಷ್ಟು ಕಡಿಮೆಗೆ ಕೊಳ್ಳಬಹುದು ಎಂಬ ಪ್ರಶ್ನೆ ನುಂಗಿಬಿಟ್ಟಿತ್ತು. ರಿಯಾಯಿತಿಯ ಶಕ್ತಿ ಇರುವುದು ಇಲ್ಲಿಯೇ. ಅದು ನಮ್ಮ ಕೈಯಿಂದ ದೊಡ್ಡ ಪ್ರಶ್ನೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಚಿಕ್ಕದೊಂದನ್ನು ಕೊಡುತ್ತದೆ; ಆ ಚಿಕ್ಕದಕ್ಕೆ ಸರಿಯುತ್ತರ ಬರೆದು ನಾವು ಸಂತೋಷಪಡುತ್ತೇವೆ.

ನಾನು ಆಕೆಗೆ ಉಪದೇಶ ಮಾಡಲಿಲ್ಲ. ದುಃಖದಲ್ಲಿರುವವರಿಗೆ ಉಪದೇಶ ಬೇಕಿರುವುದಿಲ್ಲ. "ಗೊತ್ತಾದರೆ ಏನಾಗುತ್ತದೆ?" ಎಂದಷ್ಟೇ ಕೇಳಿದೆ. ಆಕೆ ಉತ್ತರಿಸಲಿಲ್ಲ. ಚೀಲದಿಂದ ಪಟ್ಟಿಯನ್ನು ತೆಗೆದು ತೊಡೆಯ ಮೇಲೆ ಹರಡಿ, ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದಳು. ಕನ್ನಡದ ಅಧ್ಯಾಪಕಿ ಪ್ರಬಂಧ ತಿದ್ದುವಾಗಿನ ಮುಖ ಅದು; ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ನೋಡಿದ್ದೆ. ಒಂದು ಸಾಲಿನ ಬಳಿ ಬೆರಳು ನಿಂತಿತು. ಹದಿನೇಳು ಸಾಲುಗಳಲ್ಲಿ ಕಂಪನಿಯ ಹೆಸರನ್ನೂ ಸರಕಿನ ಹೆಸರನ್ನೂ ಹೇಳದೆ, ಬೇಕಾದದ್ದನ್ನು ಮಾತ್ರ ಹೇಳಿದ ಸಾಲು ಅದೊಂದೇ. ಎಂಬತ್ತೆಂಟು ವರ್ಷದ ಅತ್ತೆ ಬರೆಸಿದ್ದು: 'ಮಂಡಿಗೆ ಬೆಚ್ಚಗೆ ಏನಾದರೂ.'

"ಇದೊಂದು ಸಾಕು ಅಕ್ಕ" ಎಂದು ಆಕೆ ಪಟ್ಟಿಯನ್ನು ಮಡಿಸಿದಳು. ತಂದ ಊಟವನ್ನು ಆಮೇಲೆ ನೆಮ್ಮದಿಯಿಂದ ಉಂಡಳು.

ನೀಲಿ ಚೀಲದ ಅಂಗಡಿಗೆ ಮತ್ತೆ ಹೋಗಿ, ತೆಗೆದಿಟ್ಟದ್ದು ಬೇಡವೆಂದು ಆ ಹುಡುಗಿಗೆ ತಿಳಿಸಿದೆವು. ನಂತರ ಎರಡು ಅಂಗಡಿ ದಾಟಿ, ಉಣ್ಣೆಯಲ್ಲದ, ಮೆತ್ತನೆಯ ಫ್ಲೀಸ್ ಹೊದಿಕೆಯೊಂದನ್ನು ಆರಿಸಿದಳು. ಬೆಲೆ 24 ಡಾಲರು. ಅದರ ಚೀಟಿಯಲ್ಲೂ ಮೇಲೊಂದು ದೊಡ್ಡ ಸಂಖ್ಯೆ ಇತ್ತು. ಆಕೆ ಅದನ್ನು ನೋಡಲಿಲ್ಲ. ಹೊದಿಕೆಯನ್ನು ತನ್ನ ಮಂಡಿಯ ಮೇಲೆ ಹಾಕಿಕೊಂಡು, ಉದ್ದ ಸಾಕೇ, ಭಾರವಾಗುತ್ತದೆಯೇ, ಒಗೆದರೆ ಬೇಗ ಒಣಗುತ್ತದೆಯೇ ಎಂದು ನೋಡಿದಳು. ಮಗನ ಕಾರ್ಡನ್ನು ಹೊರತೆಗೆಯದೆ, ತನ್ನ ಪಿಂಚಣಿಯ ರೂಪಾಯಿ ಬದಲಿಸಿ ತಂದಿದ್ದ ಡಾಲರುಗಳಿಂದ ಹಣ ಕೊಟ್ಟಳು. ಮಧ್ಯಾಹ್ನ ಮೂರಕ್ಕೇ ನಾವು ಬಸ್ಸಿನ ಸಾಲಿನಲ್ಲಿ ನಿಂತಿದ್ದೆವು. ಸುತ್ತಲಿದ್ದವರ ಪೆಟ್ಟಿಗೆಗಳೆಲ್ಲ ಈಗ ಭಾರವಾಗಿದ್ದವು.

ಆ ರಾತ್ರಿ ಆಕೆ ಹಾಸನಕ್ಕೆ ಫೋನು ಮಾಡಿ, ಕೈಚೀಲ ಕೇಳಿದ್ದ ನಾದಿನಿಗೇ ಮೊದಲು ವಿಷಯ ತಿಳಿಸಿದಳು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲವಂತೆ. ಆಮೇಲೆ, "ಬ್ಯಾಗು ಗೀಗು ಏನೂ ಬೇಡ ಅತ್ತಿಗೆ. ಹುಡುಗ ಊಟ ಸರಿಯಾಗಿ ಮಾಡ್ತಿದ್ದಾನಾ? ಆಗದಿದ್ದರೆ ಕರ್ಕೊಂಡು ಬಂದುಬಿಡಿ" ಎಂದರಂತೆ. ಎಲ್ಲರೂ ಹಾಗೆಯೇ ನಡೆದುಕೊಂಡರೆಂದು ಬರೆದರೆ ಸುಳ್ಳಾದೀತು. ಪಟ್ಟಿಯಲ್ಲಿದ್ದ ಒಬ್ಬರು ಮುಖ ದಪ್ಪ ಮಾಡಿಕೊಂಡರು; ಇನ್ನೊಬ್ಬರು ಸುದ್ದಿಯನ್ನು ಊರೆಲ್ಲ ಹರಡಿದರು. ಹುಡುಗನಿಗೆ 60 ದಿನಗಳೊಳಗೆ ಅಲ್ಲಿ ಕೆಲಸ ಸಿಗಲಿಲ್ಲ. ನವೆಂಬರ್ ಮೂರನೆಯ ವಾರ ತಾಯಿ ಮಗ ಒಟ್ಟಿಗೆ ಊರಿಗೆ ಬಂದರು. ಕೆಲವು ತಿಂಗಳ ಅನಂತರ ಬೆಂಗಳೂರಿನಲ್ಲಿ ಕೆಲಸವಾಯಿತು. ಸಂಬಳ ಮೊದಲಿಗಿಂತ ಬಹಳ ಕಡಿಮೆ. ತಿಂಗಳಿಗೆ ಎರಡು ಭಾನುವಾರ ಹಾಸನಕ್ಕೆ ಬರುತ್ತಾನೆ.

ಈ ಪ್ರಸಂಗವನ್ನು ಹೇಳಿದ್ದು ಅಮೆರಿಕದ ಪೇಟೆಯನ್ನು ದೂರುವುದಕ್ಕಲ್ಲ. ಮಾರುವವರು ಮಾರುತ್ತಾರೆ, ಅವರಿಗೆ ಕಾನೂನಿದೆ, ಆಯೋಗವಿದೆ. ನಮ್ಮ ಕೈಯಲ್ಲಿರುವುದು ನಮ್ಮ ಅಳತೆ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳಬೇಕೆಂದು ಹಿರಿಯರು ಹೇಳಿದಾಗ, ಆ ಪರಿಮಾಣವನ್ನು ವಸ್ತುವನ್ನು ನೋಡುವ ಮೊದಲೇ ಹಾಕಿಕೊಳ್ಳಬೇಕೆಂಬ ಭಾವ ಅದರಲ್ಲಿ ಅಡಗಿದೆ. ನೋಡಿದ ಮೇಲೆ ಹಾಕಿದ ಅಳತೆ ನಮ್ಮದಾಗಿರುವುದಿಲ್ಲ, ಅಂಗಡಿಯದಾಗಿರುತ್ತದೆ. 600 ಡಾಲರು ಎಂಬ ಮಿತಿ ನನ್ನ ಗೆಳತಿಗೂ ಇತ್ತು. ಆದರೆ ಅದು ಎಷ್ಟು ಕೊಡಬಹುದೆಂಬ ಮಿತಿ; ಏನು ಬೇಕೆಂಬುದರ ಮಿತಿಯಲ್ಲ. ಪೆಟ್ಟಿಗೆಗೆ 23 ಕಿಲೋ ಎಂದು ವಿಮಾನ ಸಂಸ್ಥೆ ಹಾಕುವ ಮಿತಿಯೂ ಅಂಥದೇ. ಅಷ್ಟು ತೂಕವನ್ನು ತುಂಬಿಸಿಯೇ ತೀರಬೇಕೆಂದು ನಮಗೆ ಅನಿಸತೊಡಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಎಣಿಸುವಾಗ ಅತಿಸಂಗ್ರಹ, ಅತಿಲೋಭಗಳ ಜೊತೆಗೆ ವಿಸ್ಮಯವನ್ನೂ, ಅಂದರೆ ಪರರ ಸಂಪತ್ತನ್ನು ಕಂಡು ಅತಿಯಾಗಿ ಬೆರಗಾಗುವುದನ್ನೂ, ಸೇರಿಸಿದ್ದಾರೆ. ಕೂಡಿಡುವವನದಷ್ಟೇ ಅಲ್ಲ, ಬೆರಗಾಗಿ ನೋಡುವವನದೂ ದೋಷವೇ. ನಮ್ಮ ಬೆರಗೇ ಎಷ್ಟೋ ಮನೆಗಳ ಮೇಲೆ ಹೊರೆಯಾಗಿ ಕುಳಿತಿದೆ.

ವಿದೇಶದಿಂದ ಬರುವವರ ಕೈಗೆ ಪಟ್ಟಿ ಕೊಡುವ ರೂಢಿ ಇಂದು ನಮ್ಮ ಸಮಾಜದಲ್ಲಿ ಸಾಮಾನ್ಯವಾಗಿದೆ. ಕೊಡುವವರಿಗೆ ಅದು ಸಲುಗೆ. ಪಡೆಯುವವರಿಗೆ ಕೆಲವೊಮ್ಮೆ ಪರೀಕ್ಷೆ. ಆ ಮನೆಯಲ್ಲಿ ಈ ವರ್ಷ ಏನು ನಡೆದಿದೆಯೆಂದು ಪಟ್ಟಿ ಬರೆಯುವವರಿಗೆ ತಿಳಿದಿರುವುದಿಲ್ಲ. ಉಡುಗೊರೆ ಪ್ರೀತಿಯ ಗುರುತಾಗಿರುವ ತನಕ ಚೆಂದ. ಸ್ಥಿತಿವಂತಿಕೆಯ ಪ್ರಮಾಣಪತ್ರವಾದ ದಿನ ಅದನ್ನು ಕೊಡುವವರೂ ಪಡೆಯುವವರೂ ಬಡವರಾಗುತ್ತಾರೆ. ಆದ್ದರಿಂದ ಬಂಧುಗಳಲ್ಲಿ ನನ್ನದೊಂದು ವಿನಂತಿ. ಏನು ತರುತ್ತೀರಿ ಎಂದು ಕೇಳುವ ಮೊದಲು, ಹೇಗಿದ್ದೀರಿ ಎಂದು ಕೇಳೋಣ. ಕೇಳಲೇಬೇಕಾದಾಗ ಆ ಎಂಬತ್ತೆಂಟರ ಅಜ್ಜಿಯಂತೆ, ಕಂಪನಿಯ ಹೆಸರು ಬಿಟ್ಟು, ಬೇಕಾದದ್ದನ್ನು ಕೇಳೋಣ.

ಬಸದಿಗಳ ಆಡಳಿತ ಮಂಡಳಿಗಳ ಹಿರಿಯರಲ್ಲಿಯೂ ಒಂದು ಮಾತು. ನಮ್ಮ ವಾರ್ಷಿಕ ಸಮಾರಂಭಗಳಲ್ಲಿ ವಿದೇಶಕ್ಕೆ ಹೋದ ಮಕ್ಕಳ ಹೆಸರನ್ನು ವೇದಿಕೆಯಿಂದ ಓದಿ ಹೇಳಿ, ತಂದೆತಾಯಿಗಳಿಗೆ ಹಾರ ಹಾಕುವ ಪದ್ಧತಿ ಹಲವೆಡೆ ಬೆಳೆದಿದೆ. ಅದರಲ್ಲಿ ಅಭಿಮಾನವಿದೆ, ತಪ್ಪೆನ್ನುವುದಿಲ್ಲ. ಆದರೆ ಕೆಲಸ ಕಳೆದುಕೊಂಡು ಹಿಂತಿರುಗಿದ ಮಗುವನ್ನು ಅದೇ ಅಂಗಳದಲ್ಲಿ ಅದೇ ಆದರದಿಂದ ಬರಮಾಡಿಕೊಳ್ಳುವವರು ಎಷ್ಟು ಮಂದಿ? ಹಿಂತಿರುಗುವವರಿಗೆ ಬೆಂಗಳೂರು, ಮೈಸೂರುಗಳಲ್ಲಿ ಕೆಲಸದ ಪರಿಚಯ ಮಾಡಿಸಬಲ್ಲ ಗೃಹಸ್ಥರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರ ಹೆಸರು, ಫೋನು ಸಂಖ್ಯೆಗಳ ಒಂದು ಪಟ್ಟಿಯನ್ನು ಮಂಡಳಿಯ ಕಚೇರಿಯಲ್ಲಿ ಇಟ್ಟರೆ ಯಾವ ತಾಯಿಯೂ ಮಗನ ಸಂಕಟವನ್ನು ಕೈಚೀಲ, ಕೈಗಡಿಯಾರಗಳ ಹಿಂದೆ ಅಡಗಿಸಬೇಕಾಗಿ ಬರುವುದಿಲ್ಲ. ನಮ್ಮ ಸಮಾಜಕ್ಕೆ ಬೇಕಾದ ಪಟ್ಟಿ ಅಂಥದು. ಅದನ್ನು ಬರೆಯಲು ಒಂದು ಸಂಜೆಯ ಸಭೆ ಸಾಕು.